ಮನೆಯಲ್ಲಿ ಬಸುರಿ ಇದ್ದಾಳಾ? ಹಾಗಿದ್ದರೆ ಒಲೆ ಹೀಗಿರಲಿ

ನಾನು ದಾವಣಗೆರೆಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವವನು. ನಿಟ್ಟುವಳ್ಳಿ, ವಿನೋಬನಗರ, ಕೆ.ಟಿ.ಜೆ. ನಗರದ ಕಡೆಯೇ ನನ್ನ ಓಡಾಟ ಜಾಸ್ತಿ. ಫೋನ್ ಬರುವುದು ಸಾಮಾನ್ಯವಾಗಿ ಎರಡೇ ಕಾರಣಕ್ಕೆ. ‘ಪಾತ್ರೆ ತಳ ಕರ್ರಗಾಗ್ತಿದೆ’ ಅನ್ನುವುದೊಂದು, ‘ಗ್ಯಾಸ್ ವಾಸನೆ ಬರ್ತಿದೆ’ ಅನ್ನುವುದು ಇನ್ನೊಂದು. ಆ ಮನೆಯಲ್ಲಿ ಬಸುರಿ ಹೆಣ್ಣುಮಗಳು ಕಂಡರೆ ನಾನು ಕರೆದ ಕೆಲಸ ಮುಗಿಸಿ ಹೊರಟುಬಿಡುವುದಿಲ್ಲ, ಒಲೆಯಿಂದ ಸಿಲಿಂಡರ್‌ವರೆಗೆ ಪೂರ್ತಿ ನೋಡಿಯೇ ಏಳುತ್ತೇನೆ. ಈಗ ನನ್ನ ಮಗಳೇ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಅವಳ ಗೆಳತಿಯರು ಫೋನಿನಲ್ಲಿ ಒಬ್ಬೊಬ್ಬರೇ ಕೇಳುತ್ತಾರೆ, ಅವಳು ನನ್ನ ಕಿವಿಗೆ ಫೋನ್ ಹಿಡಿಯುತ್ತಾಳೆ. ಹೇಳಿದ್ದನ್ನೇ ಹೇಳುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಬಸುರಿಯರಿಗೆ ಬರುವುದು ಮಾಮೂಲು. ಸರಿಯಾಗಿ ಉರಿಯದ ಒಲೆಯ ಕೆಟ್ಟ ಗಾಳಿ ಕುಡಿದರೂ ಇವೇ ಬರುತ್ತವೆ. ಮನೆಯವರು ‘ಬಸುರಿ ಅಲ್ವಾ, ಹಾಗೇ ಆಗುತ್ತೆ’ ಅಂದುಕೊಂಡು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಡಿ ಅನ್ನುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಅಡುಗೆಮನೆಯಲ್ಲಿ ನಿಂತಾಗ ಬರುವ ತಲೆನೋವು ಹೊರಗೆ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತರೆ ಇಳಿಯುತ್ತಿದೆಯಾ? ಅವಳ ಜೊತೆ ಅತ್ತೆಗೋ, ಮನೆಯ ಮಕ್ಕಳಿಗೋ ತಲೆ ಹಿಡಿದುಕೊಳ್ಳುತ್ತಿದೆಯಾ? ಹಾಗಿದ್ದರೆ ಒಲೆಯ ಮೇಲೆ ಅನುಮಾನ ಪಡಿ.

ಬೆಂಕಿಯ ಬಣ್ಣ ನೋಡಿ

ಗ್ಯಾಸ್ ಪೂರ್ತಿ ಉರಿದರೆ ಜ್ವಾಲೆ ನೀಲಿ ಇರುತ್ತದೆ. ಗಾಳಿ ಸಾಲದೆ ಅರ್ಧಂಬರ್ಧ ಉರಿದರೆ ಹಳದಿಗೆ ತಿರುಗುತ್ತದೆ, ಪಾತ್ರೆ ತಳಕ್ಕೆ ಮಸಿ ಹಿಡಿಯುತ್ತದೆ, ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಮಸಿ ಕಣ್ಣಿಗೆ ಕಾಣುತ್ತದೆ, ಈ ವಿಷಗಾಳಿ ಕಾಣುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂತುಬಿಡುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ರಕ್ತಕ್ಕೆ ತಾಯಿಯ ರಕ್ತಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಇಳಿಯುವುದೂ ನಿಧಾನ. ತಾಯಿ ‘ಈಗ ಪರವಾಗಿಲ್ಲ’ ಅಂದರೂ ಮಗುವಿಗೆ ಪರವಾಗಿಲ್ಲ ಅಂತ ಹೇಳಲಾಗುವುದಿಲ್ಲ.

ಹಾಗಾಗಿ ಬೆಳಿಗ್ಗೆ ಹಾಲಿಡುವ ಮುಂಚೆ ಒಂದು ಸಲ ಬರೀ ಬರ್ನರ್ ಹಚ್ಚಿ ನೋಡಿ. ಉಪ್ಪಿನ ಹರಳು ಸಿಡಿದಾಗ ಅಲ್ಲೊಂದು ಇಲ್ಲೊಂದು ಹಳದಿ ನಾಲಿಗೆ ಏಳುವುದು ದೊಡ್ಡ ವಿಷಯವಲ್ಲ. ಸುತ್ತಲೂ ಹಳದಿ, ತುದಿ ಮೇಲೆ ಮೇಲೆ ಏಳುತ್ತಿದೆ, ಫುರ್ ಅಂತ ಶಬ್ದ ಬರುತ್ತಿದೆ ಅಂದರೆ ಕೆಲಸ ಇದೆ.

ಆ ಕೆಲಸದಲ್ಲಿ ಅರ್ಧ ನಿಮ್ಮ ಕೈಯಲ್ಲೇ ಆಗುತ್ತದೆ. ಒಲೆ ತಣ್ಣಗಾದ ಮೇಲೆ ರೆಗ್ಯುಲೇಟರ್ ಬಂದ್ ಮಾಡಿ ಬರ್ನರ್ ತೆಗೆಯಿರಿ. ಬಿಸಿನೀರು, ಸೋಪಿನ ಪುಡಿಯಲ್ಲಿ ನೆನೆಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ನಮ್ಮ ಕಡೆ ಬರ್ನರ್ ತೂತು ಕಟ್ಟುವುದು ಉಕ್ಕಿದ ಹಾಲು, ಸಿಡಿದ ಎಣ್ಣೆ, ಚೆಲ್ಲಿದ ರವೆಯಿಂದ. ಒಂದೊಂದು ತೂತಿಗೂ ಪಿನ್ ಹಾಕಿ ತೆಗೆಯಿರಿ. ತೂತು ದೊಡ್ಡದಾಗುವ ಹಾಗೆ ಮೊಳೆಯಿಂದ ಕೊರೆಯಬೇಡಿ. ಪೂರ್ತಿ ಒಣಗಿಸಿ, ಹಲ್ಲಿಗೆ ಹಲ್ಲು ಸರಿಯಾಗಿ ಕೂರಿಸಿ. ವಾರೆ ಕೂತ ಬರ್ನರ್‌ನಿಂದಲೂ ಹಳದಿ ಬೆಂಕಿ ಬರುತ್ತದೆ. ಅಷ್ಟಾದರೂ ಹಳದಿ ಹೋಗಲಿಲ್ಲ ಅಂದರೆ ತೊಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟಿನಲ್ಲೋ, ಗ್ಯಾಸಿಗೆ ಗಾಳಿ ಬೆರೆಯುವ ಮಿಕ್ಸಿಂಗ್ ಟ್ಯೂಬಿನಲ್ಲೋ ಇದೆ. ಆ ಟ್ಯೂಬಿನೊಳಗೆ ಜೇಡ ಬಲೆ ಕಟ್ಟಿದ್ದನ್ನು, ಜಿರಳೆ ಮರಿ ಸಂಸಾರ ಹೂಡಿದ್ದನ್ನು ನಾನು ಎಷ್ಟೋ ಸಲ ತೆಗೆದಿದ್ದೇನೆ. ಇಷ್ಟು ಮಾತ್ರ ಮೆಕ್ಯಾನಿಕ್‌ಗೆ ಬಿಡಿ.

ಮನೆ ಬದಲಿಸಿದವರಿಗೆ ಒಂದು ಮಾತು. ಪೈಪ್‌ಲೈನ್ ಗ್ಯಾಸ್ ಇದ್ದ ಮನೆಯಿಂದ ಸಿಲಿಂಡರ್ ಮನೆಗೆ ಒಲೆ ತಂದರೆ ಜೆಟ್ ಬದಲಿಸಲೇಬೇಕು. ಪೈಪಿನ ಗ್ಯಾಸಿಗೆ ಜೆಟ್ಟಿನ ತೂತು ದೊಡ್ಡದು. ಅದೇ ಜೆಟ್‌ಗೆ ಸಿಲಿಂಡರ್ ಕೊಟ್ಟರೆ ಹಳದಿ ಬೆಂಕಿ ಮೊಳದುದ್ದ ಏಳುತ್ತದೆ. ಬೆಂಗಳೂರಿನಿಂದ ಹೆರಿಗೆಗೆ ಬರುವಾಗ ‘ಒಲೆ ಸುಮ್ಮನೆ ಅಲ್ಲೇಕೆ ಬಿದ್ದಿರಬೇಕು’ ಅಂತ ಕಟ್ಟಿಕೊಂಡು ಬರುವವರು ಇದನ್ನು ನೆನಪಿಡಿ.

ಕಿಟಕಿ, ಫ್ಯಾನು, ಚಿಮಣಿ

ನೀಲಿ ಬೆಂಕಿಯಾದರೂ ಗಾಳಿ ಬೇಕೇ ಬೇಕು. ರೊಟ್ಟಿ ಬಡಿಯುವ ದಿನ ಗಮನಿಸಿ, ಮೂರೂ ಬರ್ನರ್ ಒಟ್ಟಿಗೆ ಗಂಟೆಗಟ್ಟಲೆ ಉರಿಯುತ್ತವೆ. ಹಂಚಿನ ಬೆಂಕಿ ಗಾಳಿಗೆ ಅಲ್ಲಾಡುತ್ತದೆ ಅಂತ ಕಿಟಕಿಯನ್ನೂ ಮುಚ್ಚಿರುತ್ತಾರೆ. ಬೆಂಕಿ ಅಲ್ಲಾಡಿದರೆ ಒಲೆಯನ್ನು ಸ್ವಲ್ಪ ಸರಿಸಿ, ಕಿಟಕಿ ಮುಚ್ಚಬೇಡಿ. ಎಕ್ಸಾಸ್ಟ್ ಫ್ಯಾನನ್ನು ಒಗ್ಗರಣೆ ಘಾಟು ಎದ್ದ ಮೇಲೆ ಹಾಕುವುದಲ್ಲ, ಒಲೆ ಹಚ್ಚುವ ಮುಂಚೆ ಹಾಕಿ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಡಿ.

‘ನಮ್ಮನೇಲಿ ಚಿಮಣಿ ಇದೆ’ ಅನ್ನುವವರಿಗೆ ನಾನು ಕೇಳುವುದು, ಅದರ ಪೈಪು ಗೋಡೆ ದಾಟಿ ಹೊರಗೆ ಹೋಗಿದೆಯಾ ಅಂತ. ಡಕ್ಟ್ ಇಲ್ಲದ ಚಿಮಣಿ ಎಣ್ಣೆ ಜಿಡ್ಡು, ವಾಸನೆ ಹಿಡಿದು ಅದೇ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿಯುವ ಶಕ್ತಿ ಅದಕ್ಕಿಲ್ಲ. ಅಂಥ ಮನೆಯಲ್ಲಿ ಚಿಮಣಿ ಇದ್ದರೂ ಕಿಟಕಿ ತೆರೆದೇ ಇರಬೇಕು.

ವಾಸನೆ ಹಿಡಿಯುವ ಕೆಲಸ ಅವಳಿಗೆ ಬೇಡ

ಸಿಲಿಂಡರ್‌ನ ಗ್ಯಾಸಿಗೆ ಸ್ವಂತ ವಾಸನೆ ಇರುವುದಿಲ್ಲ. ಸೋರಿದ್ದು ಗೊತ್ತಾಗಲಿ ಅಂತ ಮರ್‌ಕ್ಯಾಪ್ಟನ್ ಅನ್ನುವ ಗಬ್ಬು ವಾಸನೆಯ ವಸ್ತು ಬೆರೆಸಿರುತ್ತಾರೆ. ಆದರೆ ಬಸುರಿಯ ಮೂಗಿನ ಲೆಕ್ಕವೇ ಬೇರೆ. ಕೆಲವರಿಗೆ ಪಕ್ಕದ ಮನೆಯ ಬೆಳ್ಳುಳ್ಳಿಯೂ ಹೊಡೆಯುತ್ತದೆ. ಇನ್ನು ಕೆಲವರಿಗೆ ನೆಗಡಿಯಿಲ್ಲದೆಯೂ ಮೂಗು ಕಟ್ಟಿರುತ್ತದೆ, ಏನೂ ತಿಳಿಯುವುದಿಲ್ಲ. ‘ಅವಳಿಗೆ ಎಲ್ಲಾ ವಾಸನೆನೂ ಬರುತ್ತೆ ಬಿಡಿ’ ಅಂತ ಮನೆಯವರು ತಳ್ಳಿಹಾಕುವುದೂ ಉಂಟು. ಅವಳು ಗ್ಯಾಸ್ ವಾಸನೆ ಅಂದರೆ ಒಂದು ಸಲವಾದರೂ ಎದ್ದು ನೋಡಿ. ಅವಳು ಏನೂ ಅನ್ನಲಿಲ್ಲ ಅಂತ ಸುಮ್ಮನೆಯೂ ಇರಬೇಡಿ.

ನೋಡುವುದು ಹೇಗೆ? ಲೋಟದಲ್ಲಿ ಸ್ವಲ್ಪ ಸೋಪಿನ ಪುಡಿ ಹಾಕಿ ನೊರೆ ನೊರೆಯಾಗಿ ಕಲಸಿ. ಒಲೆಯ ನಾಬ್‌ಗಳೆಲ್ಲ ಬಂದ್ ಇರಲಿ, ರೆಗ್ಯುಲೇಟರ್ ಆನ್ ಇರಲಿ. ಬ್ರಷ್ಷಿನಿಂದ ಮೊದಲು ರೆಗ್ಯುಲೇಟರ್ ಸಿಲಿಂಡರ್ ಮೇಲೆ ಕೂರುವ ಜಾಗ, ಆಮೇಲೆ ಪೈಪಿನ ಎರಡೂ ತುದಿ, ಆಮೇಲೆ ಪೈಪಿನ ಉದ್ದಕ್ಕೂ, ಕೊನೆಗೆ ನಾಬ್‌ಗಳ ಹಿಂದೆ ಗ್ಯಾಸ್ ಬಿಡುವ, ನಿಲ್ಲಿಸುವ ಕಾಕಿಗೆ ಹಚ್ಚಿ. ಹಚ್ಚಿ ಓಡಬೇಡಿ, ನಿಂತು ನೋಡಿ. ದೊಡ್ಡ ಸೋರಿಕೆಯಾದರೆ ಗುಳ್ಳೆ ತಕ್ಷಣ ಊದುತ್ತದೆ. ಸಣ್ಣದಾದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೇ ಕಡೆ ಮತ್ತೆ ಮತ್ತೆ ಏಳುತ್ತಿರುತ್ತವೆ. ನಾನು ಕಂಡ ಮಟ್ಟಿಗೆ ಹೆಚ್ಚಿನ ಸೋರಿಕೆ ಸಿಗುವುದು ಸಿಲಿಂಡರ್ ಬಾಯೊಳಗಿನ ಕರೀ ರಬ್ಬರ್ ವಾಷರ್‌ನಲ್ಲಿ. ಅದು ಸೀಳಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಸಿಲಿಂಡರ್ ತರುವ ಹುಡುಗ ಹೊರಡುವ ಮುಂಚೆಯೇ ಸೀಲ್ ಒಡೆಸಿ, ವಾಷರ್ ತೋರಿಸಲು ಹೇಳಿ, ರೆಗ್ಯುಲೇಟರ್ ಕೂರಿಸಿ ಅವನ ಕೈಯಲ್ಲೇ ಸೋರಿಕೆ ನೋಡಿಸಿ. ಅವಸರ ಮಾಡುತ್ತಾನೆ, ಮಾಡಲಿ. ಅದು ಅವನ ಕೆಲಸ. ಕಡ್ಡಿ ಗೀರಿ ಸೋರಿಕೆ ಹುಡುಕುವ ಮಹಾನುಭಾವರು ಈಗಲೂ ಇದ್ದಾರೆ, ಅಂಥವರನ್ನು ಅಡುಗೆಮನೆಯ ಹೊಸಿಲು ದಾಟಿಸಬೇಡಿ.

ಸಿಲಿಂಡರ್ ಕೈಗೆ ಬಂದಾಗ ಇನ್ನೊಂದು ನೋಡಿ. ಮೇಲಿನ ಹಿಡಿಯ ಬಳೆಗೆ ಆಸರೆಯಾಗಿ ನಿಂತ ಮೂರು ಪಟ್ಟಿಗಳಿವೆಯಲ್ಲ, ಅವುಗಳ ಒಳಮೈಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಇಸವಿ ಬರೆದಿರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಅಂದರೆ ಜೂನ್, ಸಿ ಅಂದರೆ ಸೆಪ್ಟೆಂಬರ್, ಡಿ ಅಂದರೆ ಡಿಸೆಂಬರ್. ಸಿ-28 ಅಂತಿದ್ದರೆ 2028ರ ಸೆಪ್ಟೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕು. ಗಡುವು ಮುಗಿದಿದ್ದರೆ ಒಳಗೆ ತೆಗೆದುಕೊಳ್ಳಬೇಡಿ.

ಪೈಪು ಕಿತ್ತಳೆ ಬಣ್ಣದ, ಒಳಗೆ ತಂತಿ ಇರುವ ಸುರಕ್ಷಾ ಪೈಪೇ ಆಗಿರಲಿ. ಹಳೇ ಹಸಿರು ರಬ್ಬರ್ ಪೈಪು ಇಲಿಗೆ ಒಂದು ತುತ್ತು. ಕಿತ್ತಳೆ ಪೈಪಿಗೂ ಐದು ವರ್ಷವೇ ಆಯಸ್ಸು, ಇಸವಿ ಅದರ ಮೈಮೇಲೇ ಅಚ್ಚಾಗಿರುತ್ತದೆ. ಉದ್ದ ಒಂದೂವರೆ ಮೀಟರ್ ದಾಟಬಾರದು, ಒಲೆಯ ಕೆಳಗೆ ಹಾದುಹೋಗಬಾರದು, ಚೆಂದ ಕಾಣಲಿ ಅಂತ ಅದಕ್ಕೆ ಬಟ್ಟೆ ಸುತ್ತಬಾರದು.

ಸಿಲಿಂಡರ್ ಎತ್ತುವ ಮಾತು ಬೇಡವೇ ಬೇಡ. ಒಳಗಿನ ಗ್ಯಾಸ್ 14.2 ಕಿಲೋ, ಕಬ್ಬಿಣ ಸುಮಾರು ಅಷ್ಟೇ ತೂಗುತ್ತದೆ. ತುಂಬಿದ್ದು ಮೂವತ್ತು ಕಿಲೋ ಹತ್ತಿರ. ‘ಎತ್ತಲ್ಲ ಮಾವ, ಉರುಳಿಸ್ತೀನಿ ಅಷ್ಟೇ’ ಅಂದಳು ಒಬ್ಬಳು. ಉರುಳಿಸಲು ಬಗ್ಗಬೇಕು, ವಾಲಿದರೆ ತಡೆಯಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಗ್ಯಾಸ್ ಮುಗಿದರೆ ಅವತ್ತು ಅವಲಕ್ಕಿ ಮೊಸರು ತಿಂದುಕೊಂಡು ಕೂರಲಿ.

ವಾಸನೆ ಬಂದೇಬಿಟ್ಟರೆ

ಈ ಗ್ಯಾಸ್ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆ ಪಕ್ಕದ ಹಾಲಿನಲ್ಲಿ ಚಾಪೆ ಹಾಸಿ ಮಲಗಿದ ಬಸುರಿಯ ಹತ್ತಿರಕ್ಕೇ ಅದು ಮೊದಲು ಬರುವುದು. ಅಂಥ ಜಾಗದಲ್ಲಿ ಹಾಸಿಗೆ ಬೇಡ, ಮಂಚ ಇರಲಿ, ಅದೂ ಬೇರೆ ಕೋಣೆಯಲ್ಲಿ. ರಾತ್ರಿ ಮಲಗುವ ಮುಂಚೆ ನಾಬ್ ತಿರುಗಿಸಿ ಹೋಗುವುದು ಸಾಲದು, ರೆಗ್ಯುಲೇಟರ್ ಬಂದ್ ಆಗಬೇಕು. ಕಟ್ಟೆ ಕೆಳಗೆ ಬಗ್ಗಲು ಅವಳಿಗೆ ಆಗುವುದಿಲ್ಲ, ಗಂಡನ ಪಾಲಿಗೆ ಈ ಕೆಲಸ ಬರೆದುಬಿಡಿ. ಸೋರಿಕೆ ಕೂಗುವ ಅಲಾರಂ ಕೊಳ್ಳುವುದಿದ್ದರೆ ನೆಲದಿಂದ ಒಂದಡಿ ಎತ್ತರಕ್ಕೆ ಹಾಕಿಸಿ. ಪೈಪ್‌ಲೈನ್ ಗ್ಯಾಸ್ ಮನೆಗಳಲ್ಲಿ ಮಾತ್ರ ಉಲ್ಟಾ, ಅದು ಹಗುರ, ಮೇಲಕ್ಕೇರುತ್ತದೆ, ಅಲಾರಂ ಸೂರಿನ ಹತ್ತಿರ ಇರಬೇಕು.

ವಾಸನೆ ಬಂದ ತಕ್ಷಣ ಅವಳು ಮೊದಲು ಹೊರಗೆ. ಬೇರೆಯವರು ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಲಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಕಿಡಿ ಎರಡಕ್ಕೂ ಹಾರುತ್ತದೆ. ಎಕ್ಸಾಸ್ಟ್ ಫ್ಯಾನೂ ಈಗ ಶತ್ರು. ಫ್ರಿಜ್ ತನ್ನಷ್ಟಕ್ಕೆ ತಾನೇ ಶುರುವಾಗುತ್ತದಲ್ಲ, ಮೀಟರ್ ಬೋರ್ಡು ಮನೆಯಿಂದಾಚೆ ಇದ್ದರೆ ಅಲ್ಲಿಂದ ಮೇನ್ ಇಳಿಸಿ. ದೇವರ ದೀಪ ಉರಿಯುತ್ತಿದೆಯಾ ನೋಡಿ. ಫೋನನ್ನು ಅಂಗಳಕ್ಕೆ ಬಂದೇ ಮಾಡಿ. 1906 ಸಿಲಿಂಡರ್ ಸೋರಿಕೆಯ ತುರ್ತು ನಂಬರು, ಹಗಲೂ ರಾತ್ರಿ ಇರುತ್ತದೆ. ಅವಳೊಬ್ಬಳೇ ಇದ್ದರೆ, ಕೈಗೆಟುಕುವ ಹಾಗಿದ್ದರೆ ರೆಗ್ಯುಲೇಟರ್ ತಿರುಗಿಸಿ ಹೊರಡಲಿ. ಬೆಂಕಿ ಕಂಡರಂತೂ ಏನನ್ನೂ ಮುಟ್ಟದೆ ಹೊರಗೆ ಬಂದು 101ಕ್ಕೋ 112ಕ್ಕೋ ಮಾಡಲಿ.

ಕಟ್ಟೆಯ ಮುಂದೆ ನಿಲ್ಲುವುದು

ಏಳು ತಿಂಗಳು ದಾಟಿದ ನನ್ನ ಮಗಳು ಅಡುಗೆ ಕಟ್ಟೆಯ ಮುಂದೆ ನಿಂತಿದ್ದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಲೆ ಕಟ್ಟೆಯ ಅಂಚಿಗಿತ್ತು. ಅವಳ ಹೊಟ್ಟೆ ಸರಿಯಾಗಿ ನಾಬ್‌ಗಳ ಎತ್ತರಕ್ಕೆ ಬರುತ್ತಿತ್ತು, ನೈಟಿಯ ಜೇಬು ಒಂದು ನಾಬ್‌ಗೆ ಸಿಕ್ಕಿಕೊಂಡು ಅವಳು ಸರಿದಾಗಲೆಲ್ಲ ಅದನ್ನು ಎಳೆಯುತ್ತಿತ್ತು. ಒತ್ತಿ ತಿರುಗಿಸುವ ನಾಬ್ ಆದ್ದರಿಂದ ತೆರೆಯಲಿಲ್ಲ. ಹಳೇ ಒಲೆಗಳಲ್ಲಿ ಒತ್ತದೆಯೂ ತಿರುಗುತ್ತದೆ, ಸವೆದ ಕಾಕ್ ಬೆರಳು ತಾಗಿದರೂ ಜಾರುತ್ತದೆ. ಒಲೆಯನ್ನು ಒಂದು ಗೇಣು ಒಳಕ್ಕೆ ತಳ್ಳಿದೆ. ನೀವೂ ತಳ್ಳಿ. ಹಿಂದೆ ಕಿಟಕಿ ಪರದೆ ಇದ್ದರೆ ತೆಗೆದುಬಿಡಿ.

ಹೊಟ್ಟೆ ಬೆಳೆದ ಹಾಗೆ ಕೈಯ ಅಳತೆ ತಪ್ಪುತ್ತದೆ. ಮೂರು ಬರ್ನರ್ ಒಲೆಯ ಹಿಂದಿನ ಬರ್ನರ್‌ಗೆ ಕೈ ಚಾಚಿದರೆ ಎದೆ, ಸೆರಗು, ದುಪಟ್ಟಾ ಮುಂದಿನ ಬೆಂಕಿಯ ಮೇಲೆ. ಹಿಂದಿನದನ್ನು ಹೆರಿಗೆ ಆಗುವವರೆಗೆ ಮರೆತುಬಿಡಲಿ. ಒಲೆಯ ನೆತ್ತಿಯ ಮೇಲಿನ ಶೆಲ್ಫಿನಿಂದ ಸಾಂಬಾರ್ ಪುಡಿ, ಸಾಸಿವೆ ಡಬ್ಬಿ ಪಕ್ಕಕ್ಕೆ ಇಳಿಸಿ. ಮೈಗೆ ಹತ್ತಿ ಬಟ್ಟೆ, ಜೋಲಾಡದ್ದು, ತೋಳು ಮೊಣಕೈವರೆಗೆ. ಸಿಂಥೆಟಿಕ್ ನೈಟಿ ಉರಿಯುವುದಷ್ಟೇ ಅಲ್ಲ, ಕರಗಿ ಚರ್ಮಕ್ಕೆ ಹಿಡಿಯುತ್ತದೆ. ಹೆಚ್ಚು ಹೊತ್ತು ನಿಂತರೆ ಕಾಲು ಬಾಯುತ್ತದೆ, ಕಣ್ಣು ಕತ್ತಲಿಟ್ಟರೆ ಬೀಳುವುದು ಒಲೆಯ ಕಡೆಗೇ. ಹೆಚ್ಚುವುದು, ಸುಲಿಯುವುದು, ಕಲಸುವುದು ಹೊರಗೆ ಕೂತು ಮಾಡಲಿ.

ಹಾಲಿಟ್ಟು ‘ಒಂದು ನಿಮಿಷ’ ಅಂತ ಮಲಗುವುದು ಬಸುರಿಯರ ಮನೆಯಲ್ಲಿ ದಿನಾ ನಡೆಯುವ ಕಥೆ. ಹಾಲು ಉಕ್ಕಿ ಬೆಂಕಿ ಆರುತ್ತದೆ, ಗ್ಯಾಸ್ ಹರಿಯುತ್ತಲೇ ಇರುತ್ತದೆ. ಬೆಂಕಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ಒಲೆಗಳು ಬಂದಿವೆ. ಹೊಸದು ಕೊಳ್ಳುವವರು ಗಾಜಿನ ಬಣ್ಣ ನೋಡುವ ಬದಲು ಇದನ್ನು ಕೇಳಿ ಕೊಳ್ಳಿ. ಇಲ್ಲದವರು ಬಿಸಿನೀರಿಗೆ ಕರೆಂಟ್ ಕೆಟಲ್, ಅನ್ನಕ್ಕೆ ಕರೆಂಟ್ ಕುಕ್ಕರ್ ಇಟ್ಟುಕೊಂಡರೆ ಅವಳು ಗ್ಯಾಸ್ ಹಚ್ಚುವ ಪ್ರಸಂಗವೇ ಅರ್ಧ ಕಡಿಮೆ.

ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಬಾಣಲೆ ಎತ್ತಿಕೊಂಡು ಓಡಬೇಡಿ. ನಾಬ್ ಬಂದ್ ಮಾಡಿ, ದೊಡ್ಡ ತಟ್ಟೆ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಕೈ ಸುಟ್ಟರೆ ಬಳೆ, ಉಂಗುರ ಮೊದಲು ತೆಗೆಸಿ, ಆಮೇಲೆ ಬೆರಳು ಊದಿ ಬರುವುದಿಲ್ಲ. ನಲ್ಲಿ ನೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ಪೇಸ್ಟು, ಇಂಕು, ಬೆಣ್ಣೆ, ಅರಿಶಿನ ಏನೂ ಬೇಡ. ಬಟ್ಟೆ ಅಂಟಿದ್ದರೆ ಕೀಳಬೇಡಿ. ಸುಟ್ಟಿದ್ದು ಅಂಗೈ ಅಗಲ ಇದ್ದರೂ ಬಸುರಿಯನ್ನು ಆಸ್ಪತ್ರೆಗೆ ತೋರಿಸಿ, ಎಷ್ಟು ತಿಂಗಳು ಅಂತ ಮೊದಲೇ ಹೇಳಿ.

ಕುಬುಸದ (ಸೀಮಂತದ) ದಿನ ಅಡುಗೆಯವರು ತರುವ ಭಟ್ಟಿ ಒಲೆಗೆ ಒತ್ತಡ ಜಾಸ್ತಿ, ಸಿಲಿಂಡರ್ 19 ಕಿಲೋದ್ದು. ಅದನ್ನು ಅಂಗಳದಲ್ಲಿ, ಶಾಮಿಯಾನದ ಬಟ್ಟೆಯಿಂದ ದೂರ ಹಚ್ಚಿಸಿ. ಆರತಿ ಮಾಡುವ ಜಾಗ ಅದರ ಪಕ್ಕದಲ್ಲಿ ಬೇಡ. ಮಳೆ ಬಂತು ಅಂತ ಭಟ್ಟಿಯನ್ನು ಪಡಸಾಲೆಗೆ ತರುತ್ತಾರೆ, ಬಿಡಬೇಡಿ. ಹೋಳಿಗೆ ಒಂದು ಗಂಟೆ ತಡವಾದರೆ ಯಾರೂ ಎದ್ದು ಹೋಗುವುದಿಲ್ಲ.

ಬಚ್ಚಲು ಮತ್ತು ಬಾಣಂತಿ ಕೋಣೆ

ಅಡುಗೆ ಒಲೆಗಿಂತ ನಾನು ಹೆಚ್ಚು ಹೆದರುವುದು ಬಚ್ಚಲೊಳಗಿನ ಗ್ಯಾಸ್ ಗೀಸರ್‌ಗೆ. ಅಷ್ಟು ಸಣ್ಣ ಕೋಣೆ, ಬಾಗಿಲು ಬಂದ್, ಚಳಿಗೆ ಕಿಟಕಿಯೂ ಬಂದ್, ಒಳಗೆ ದೊಡ್ಡ ಬರ್ನರ್. ವಿಷಗಾಳಿ ತುಂಬಲು ನಿಮಿಷಗಳು ಸಾಕು. ಒಳಗಿದ್ದವರು ಕೂಗುವುದಕ್ಕೂ ಆಗದೆ ಕುಸಿಯುತ್ತಾರೆ. ನಮ್ಮ ರಾಜ್ಯದಲ್ಲೇ ಹೀಗೆ ಸತ್ತವರಿದ್ದಾರೆ. ಗೀಸರ್ ಬಚ್ಚಲಿನ ಹೊರಗೋಡೆಗೆ ಹೋಗಲಿ, ಒಳಕ್ಕೆ ಬಿಸಿನೀರಿನ ಪೈಪು ಮಾತ್ರ ಬರಲಿ. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನ. ಬಾಣಂತಿಯ ಎಣ್ಣೆನೀರು ಬೇಗ ಮುಗಿಯುವಂಥದ್ದಲ್ಲ, ಜೊತೆಯಲ್ಲಿ ಎರೆಯುವವರೂ ಇರುತ್ತಾರೆ, ಹಸುಗೂಸೂ ಇರುತ್ತದೆ.

ಬಚ್ಚಲಲ್ಲೋ ಅಡುಗೆಮನೆಯಲ್ಲೋ ತಲೆ ತಿರುಗಿ ಕುಸಿದರೆ ಹೊರಗೆ ಗಾಳಿಗೆ ತನ್ನಿ, 108 ಕರೆಯಿರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತು ಅಂತ ವಾಪಸ್ ಮಲಗಿಸಬೇಡಿ. ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವನ್ನೂ ಅದು ಆಮ್ಲಜನಕ ಇರುವ ರಕ್ತ ಅಂತಲೇ ಓದುತ್ತದೆ. ಡಾಕ್ಟರಿಗೆ ‘ಗ್ಯಾಸ್ ಉರೀತಿತ್ತು, ಬಾಗಿಲು ಮುಚ್ಚಿತ್ತು’ ಅಂತ ಬಾಯಿಬಿಟ್ಟು ಹೇಳಿ. ಇದಕ್ಕೆ ರಕ್ತದ ಪರೀಕ್ಷೆಯೇ ಬೇರೆ ಇದೆ, ಹೇಳದಿದ್ದರೆ ಅವರಿಗೂ ಹೊಳೆಯಲಿಕ್ಕಿಲ್ಲ. ಬಸುರಿಗೆ ಆಕ್ಸಿಜನ್ ಹೆಚ್ಚು ಹೊತ್ತು ಕೊಡುತ್ತಾರೆ, ‘ಚೆನ್ನಾಗಿದ್ದೀನಿ’ ಅಂತ ಅರ್ಧಕ್ಕೆ ಎದ್ದು ಬರಬೇಡಿ.

ಕೊನೆಯದು ಅಗ್ಗಿಷ್ಟಿಕೆ. ಇದ್ದಿಲ ಕೆಂಡಕ್ಕೆ ಹೊಗೆ ಇಲ್ಲ, ಜ್ವಾಲೆ ಇಲ್ಲ, ಹಾಗಾಗಿ ಹಿರಿಯರಿಗೆ ಅದು ಸಾಧು ಅನ್ನಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಮಾತ್ರ ಧಾರಾಳವಾಗಿ ಬಿಡುತ್ತದೆ. ಕಿಟಕಿ ಸಂದಿಗೆ ಬಟ್ಟೆ ತುರುಕಿದ ಬಾಣಂತಿ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುವುದು ಅಂದರೆ ಗೀಸರ್ ಕಥೆಯೇ. ನನ್ನ ಹೆಂಡತಿಯೂ ಅವಳ ಅಕ್ಕನೂ ಈಗಾಗಲೇ ಇದ್ದಿಲ ಚೀಲ ತರಿಸಿ ಇಟ್ಟಿದ್ದಾರೆ. ಜಗಳ ಆಡಲಿಲ್ಲ, ಒಪ್ಪಂದ ಮಾಡಿಕೊಂಡೆವು. ಕೆಂಡ ಹಿತ್ತಿಲಲ್ಲಿ ಇರುತ್ತದೆ. ಬಟ್ಟೆಯನ್ನು ಅಲ್ಲೇ ಕಾಯಿಸಿ ಒಳಗೆ ತರುತ್ತಾರೆ. ಸಾಂಬ್ರಾಣಿಯೂ ಅಲ್ಲೇ, ಕೂಸಿನ ಮುಖಕ್ಕೆ ಹಿಡಿಯುವುದಿಲ್ಲ. ಬಾಣಂತಿಯ ಸೊಂಟಕ್ಕೆ ಬಿಸಿನೀರಿನ ರಬ್ಬರ್ ಚೀಲವನ್ನು ಟವೆಲ್ ಸುತ್ತಿ ಕೊಡುತ್ತಾರೆ, ಕೂಸಿಗೆ ಟೊಪ್ಪಿ, ಕಾಲುಚೀಲ, ಅಮ್ಮನ ಮೈಶಾಖ. ಚೀಲದ ನೀರು ಕಾಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.